ಮಾವನವರ ತುಕ್ಕು ಪರೀಕ್ಷೆ

ಅಮೆರಿಕಕ್ಕೆ ಬರುವ ನಮ್ಮ ಅಮ್ಮಂದಿರಿಗೆ ವಿಮಾನ ಹತ್ತುವ ಮುಂಚೆಯೇ ಕೆಲಸ ಗೊತ್ತಾಗಿರುತ್ತದೆ. ಬಾಣಂತನ, ಇಲ್ಲವೇ ಮೊಮ್ಮಕ್ಕಳ ಊಟತಿಂಡಿ, ಅದೂ ಇಲ್ಲದಿದ್ದರೆ ಸಾರಿನಪುಡಿಗೆ ಮೆಣಸಿನಕಾಯಿ ಹುರಿದು ಮನೆಯ ಹೊಗೆ ಅಲಾರಂ ಕೂಗಿಸುವುದು. ಅಪ್ಪಂದಿರಿಗೆ ಮಾತ್ರ ಏನೂ ಇಲ್ಲ. ಅವರು ಕಿಟಕಿ ಹತ್ತಿರ ಕೂತು, ಎದುರುಮನೆಯವರು ಕಸದ ಡಬ್ಬ ಎಷ್ಟು ಹೊತ್ತಿಗೆ ಹೊರಗಿಟ್ಟರು ಎಂದು ಲೆಕ್ಕ ಇಡುತ್ತಾರೆ. ನಮ್ಮ ಮಾವನವರು ಭದ್ರಾವತಿಯ ಕಬ್ಬಿಣ ಕಾರ್ಖಾನೆಯಿಂದ ನಿವೃತ್ತರಾದವರು. ಮಿಶಿಗನ್ನಿನ ನಮ್ಮ ಮನೆಯಲ್ಲಿ ಅವರು ಮುಟ್ಟಿ ನೋಡಬಹುದಾದ ಕಬ್ಬಿಣ ಎಂದರೆ ಒಗ್ಗರಣೆ ಸೌಟು ಒಂದೇ. ಬೇಸಿಗೆಗೆ ಯೆಲ್ಲೋಸ್ಟೋನ್ ನೋಡಲು ಒಂದು ಹಳೇ ಟ್ರಾವೆಲ್ ಟ್ರೈಲರ್ ಕೊಳ್ಳೋಣ ಎಂದು ನನ್ನ ಹೆಂಡತಿ ಬಾಯಿಬಿಟ್ಟದ್ದೇ ತಡ, ಮಾವನವರು ಕಿಟಕಿ ಬಿಟ್ಟು ಎದ್ದರು.

"ಅಡಿ ನೋಡದೆ ಅಡ್ವಾನ್ಸ್ ಕೊಡಬೇಡಿ, ಅಳಿಯಂದಿರೇ."

ಟ್ರೈಲರ್ ಎಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ. ಒಳಗೆ ಮಂಚ, ಒಲೆ, ಫ್ರಿಜ್, ಶೌಚಾಲಯ, ಪರದೆ, ದಿಂಬು ಎಲ್ಲವೂ ಇರುತ್ತವೆ. ಅಮೆರಿಕದಲ್ಲಿ ಇವುಗಳ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕಾರ್ಟ್ ಎಂಬ ಊರಿನ ಆಸುಪಾಸಿನಲ್ಲಿ. ಇಷ್ಟನ್ನೂ ಹೊತ್ತಿರುವುದು ಕೆಳಗಿನ ಚೌಕಟ್ಟು: ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು, ಮುಂದೆ ಕೊಂಡಿ ಸಿಕ್ಕಿಸುವ 'ಎ' ಆಕಾರದ ಮೂತಿ. ಕೊಳ್ಳಲು ಹೋದವರು ಒಂದು ಗಂಟೆ ದಿಂಬು ಒತ್ತುತ್ತಾರೆ, ಚೌಕಟ್ಟಿನ ಕಡೆಗೆ ಒಂದು ನಿಮಿಷ ಬಗ್ಗುವುದಿಲ್ಲ. ಬಗ್ಗಿದರೆ ಸೊಂಟ ಹಿಡಿಯುತ್ತದೆ ಎಂಬುದೂ ನಿಜ.

ನಮ್ಮ ಕಡೆ ಬಗ್ಗದೆ ವಿಧಿಯಿಲ್ಲ, ಉಪ್ಪಿನಿಂದಾಗಿ. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಆಳದಲ್ಲಿ, ನೂರು ವರ್ಷಕ್ಕೂ ಹಳೆಯ ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಕ್ರದಿಂದ ಸಿಡಿದು ಗಾಡಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಉಪ್ಪು ನೀರನ್ನು ಆರಗೊಡುವುದಿಲ್ಲ, ನೀರಿನಲ್ಲಿ ವಿದ್ಯುತ್ತು ಹರಿಯುವುದನ್ನು ಸರಾಗ ಮಾಡುತ್ತದೆ. ತುಕ್ಕಿಗೆ ಇನ್ನೇನು ಬೇಕು? "ನಮ್ಮದು ಚಳಿಗಾಲದಲ್ಲಿ ರಸ್ತೆಗೇ ಇಳಿದಿಲ್ಲ" ಎನ್ನುವ ಮಾಲೀಕರಿಗೆ ಮಾವನವರು ಕೇಳಿಸುವ ಪ್ರಶ್ನೆ: "ಹಾಗಾದ್ರೆ ಎಲ್ಲಿ ನಿಂತಿತ್ತು ಕೇಳಿ." ವರ್ಷಗಟ್ಟಲೆ ಹುಲ್ಲಿನ ಮೇಲೆ ನಿಂತ ಟ್ರೈಲರಿಗೆ ನೆಲದ ತೇವವೇ ಸಾಕು. ಫ್ಲೋರಿಡಾದ ಸಮುದ್ರದಂಡೆಯಲ್ಲಿ ನಿಂತಿತ್ತು ಎಂದರೆ ಇನ್ನೂ ಕಷ್ಟ. ಉಪ್ಪುಗಾಳಿ ಕಿಟಕಿ ಸರಳನ್ನು ಏನು ಮಾಡುತ್ತದೆ ಎಂದು ಮಂಗಳೂರಿನವರನ್ನು ಕೇಳಿ.

ಓಹಾಯೋ ಗಡಿಯ ಹತ್ತಿರ ನೋಡಿದ ಟ್ರೈಲರಿನ ಒಳಗೆ ಕಾಲಿಟ್ಟ ನನ್ನ ಹೆಂಡತಿಗೆ ಹೊರಗೆ ಬರಲು ಮನಸ್ಸಿರಲಿಲ್ಲ. ನೀಲಿ ಪರದೆ, ಹೊಸ ಹಾಸಿಗೆ. ಮಾವನವರು ಒಳಗೆ ಇಣುಕಲೂ ಇಲ್ಲ. ನಮ್ಮ ಹಳೇ ಯೋಗದ ಚಾಪೆ ಹಾಸಿ, ಮಂಕಿಕ್ಯಾಪು ತೊಟ್ಟು, ಸುತ್ತಿಗೆ ಹಿಡಿದು ಅಡಿಗೆ ನುಸುಳಿದರು. ಹಿಂದಿನ ದಿನವೇ ಅತ್ತೆಯವರು ಆಣೆ ಹಾಕಿಸಿಕೊಂಡಿದ್ದರು: "ರೀ, ಬರೀ ಜಾಕಿನ ಮೇಲೆ ನಿಂತಿರೋ ಗಾಡಿ ಕೆಳಗೆ ತಲೆ ಹಾಕಬಾರ್ದು." ಈ ವಿಷಯದಲ್ಲಿ ಅತ್ತೆಯವರ ಮಾತೇ ಅಂತಿಮ. ಚಕ್ರಗಳಿಗೆ ಅಡ್ಡ ಕೊಟ್ಟು, ಟ್ರೈಲರು ಚಕ್ರದ ಮೇಲೆ ಭದ್ರವಾಗಿ ನಿಂತಿದೆ ಎಂದು ಅವರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮಾವನವರಿಗೆ ಪ್ರವೇಶ.

ಅಡಿಯೆಲ್ಲ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. "ಹೊಸ ಪೇಂಟ್ ಹೊಡೆಸಿದ್ದೇನೆ" ಎಂದರು ಮಾರುವವರು, ಹೆಮ್ಮೆಯಿಂದ.

"ಯಾಕಂತೆ?" ಎಂದು ಕೆಳಗಿನಿಂದ ಕೇಳಿಬಂತು.

ನಾನು ಅದನ್ನು ಇಂಗ್ಲಿಷಿನಲ್ಲಿ ಆದಷ್ಟು ಮೃದುವಾಗಿ ಕೇಳಿದೆ. ಅವರು ಹವಾಮಾನದ ಬಗ್ಗೆ ಮಾತಾಡಿದರು. ಇಪ್ಪತ್ತು ವರ್ಷದ ಚೌಕಟ್ಟಿಗೆ, ಅದೂ ಮಾರುವ ವಾರದಲ್ಲಿ, ಟೈರಿನ ಪಕ್ಕಕ್ಕೂ ಸಿಡಿಯುವ ಹಾಗೆ ಪೇಂಟ್ ಹೊಡೆಯುವವರು ಏನನ್ನೋ ಮುಚ್ಚುತ್ತಿದ್ದಾರೆ ಎಂಬುದು ಮಾವನವರ ಸಿದ್ಧಾಂತ. ಎಲ್ಲರನ್ನೂ ಹಾಗೆ ಸಂಶಯಿಸುವುದು ತಪ್ಪಿರಬಹುದು. ಆದರೆ ಸುತ್ತಿಗೆ ಯಾರ ಮಾತನ್ನೂ ಕೇಳುವುದಿಲ್ಲ. ಗಟ್ಟಿ ಉಕ್ಕಿಗೆ ತಟ್ಟಿದರೆ ಠಣ್ ಎನ್ನುತ್ತದೆ. ಮುಂಭಾಗದಲ್ಲಿ ಠಣ್, ಠಣ್ ಎಂದು ಹೋದ ಸದ್ದು ಚಕ್ರದ ಹಿಂದೆ ಬಂದಾಗ ಥಪ್ ಎಂದಿತು. ಮಾವನವರು ಸ್ಕ್ರೂಡ್ರೈವರ್ ಕೇಳಿದರು. ತುದಿ ಒತ್ತಿದರು. ಪೇಂಟಿನ ಜೊತೆ ತುಕ್ಕು ಎದ್ದು ಅವರ ಮೀಸೆಯ ಮೇಲೆ ಉದುರಿತು.

"ಚಿರೋಟಿ!" ಎಂದು ಕೂಗಿದರು. "ಪದರ ಪದರ ಬರ್ತಾ ಇದೆ!"

ಬೆಳಿಗ್ಗೆಯಿಂದ ಬರೀ ಬಾಳೆಹಣ್ಣು ತಿಂದಿದ್ದ ನನ್ನ ಮಗಳು ಓಡಿಬಂದಳು. ನಿರಾಶೆಯಾಯಿತು.

ವಾಪಸು ಬರುವಾಗ ಕಾರಿನಲ್ಲಿ ಪಾಠ ನಡೆಯಿತು. ಮೇಲ್ಮೈಯಲ್ಲಿ ಕಂದು ಪುಡಿ ಕೂತಿದ್ದರೆ ಹೆದರಬೇಕಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ತಡೆಯುವ ರಸಾಯನ ಹಚ್ಚಿ, ಪೇಂಟ್ ಬಳಿದರೆ ಮುಗಿಯಿತು. ಪದರವಾಗಿ ಎದ್ದರೆ ಉಕ್ಕಿನ ದಪ್ಪವೇ ಹೋಗಿದೆ. ಎಲ್ಲಿ ಹೋಗಿದೆ ಎಂಬುದೂ ಮುಖ್ಯ. ಹಿಂದಿನ ಬಂಪರು, ಮೆಟ್ಟಿಲಿನ ಕಾಲು ಇವನ್ನೆಲ್ಲ ವೆಲ್ಡರ್ ಸರಿಮಾಡಿಕೊಡುತ್ತಾನೆ. ಆದರೆ ಮುಂದಿನ ಮೂತಿಯಲ್ಲಿ, ಅದು ಉದ್ದ ತೊಲೆಗೆ ಸೇರುವ ಜಾಗದಲ್ಲಿ, ಸ್ಪ್ರಿಂಗ್ ಪ್ಲೇಟುಗಳು ನೇತುಬಿದ್ದಿರುವ ಕಡೆ ಉಕ್ಕು ಸವೆದಿದ್ದರೆ ನಮಸ್ಕಾರ ಹೇಳಿ ಬರಬೇಕು. ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಆ ಮೂತಿಯ ಮೇಲೇ ಕೂರುತ್ತದೆ. ಪೇಂಟು ಚೆನ್ನಾಗಿದ್ದೂ ಬೆಸುಗೆಯ ಅಂಚಿನಿಂದ ಕೂದಲೆಳೆಯಷ್ಟು ಕಂದು ಗೆರೆ ಇಳಿದಿದ್ದರೆ, ಅಲ್ಲಿ ಬಿರುಕು ಬಿಟ್ಟಿದೆಯೇ ಎಂದು ಉಗುರು ಹಾಕಿ ನೋಡಬೇಕು.

"ಇದನ್ನೆಲ್ಲ ಭದ್ರಾವತಿಯಲ್ಲಿ ಕಲಿತದ್ದಾ?" ಎಂದೆ.

"ಅಲ್ಲಿ ಕಬ್ಬಿಣ ಮಾಡ್ತಿದ್ವಿ," ಎಂದರು ಮಾವನವರು. "ತುಕ್ಕು ಕಲಿತದ್ದು ಇವಳ ಮನೆಯವರು ಕೊಟ್ಟ ಸ್ಕೂಟರಿನಲ್ಲಿ." ಹಿಂದಿನ ಸೀಟಿನಲ್ಲಿ ಅತ್ತೆಯವರು ಟೋಲೀಡೋ ಕಳೆಯುವವರೆಗೆ ಮಾತಾಡಲಿಲ್ಲ.

ಅಂದಿನಿಂದ ಮಾವನವರಿಗೆ ಬಿಡುವಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ಸುದ್ದಿ ಹಬ್ಬಿ, ದೋಣಿ ಸಾಗಿಸುವ ಟ್ರೈಲರ್ ಇಟ್ಟುಕೊಂಡ ಒಬ್ಬರು, ಹಳೇ ಪಿಕಪ್ ಟ್ರಕ್ ಕೊಳ್ಳಲಿದ್ದ ಇನ್ನೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಎದುರುಮನೆಯವರ ಕಸದ ಡಬ್ಬದ ಲೆಕ್ಕ ನಿಂತೇಹೋಯಿತು.

ಪಶ್ಚಿಮ ಮಿಶಿಗನ್ನಿನ ನಿವೃತ್ತ ದಂಪತಿಯೊಂದರ ಟ್ರೈಲರು ಸದಾ ಕೊಟ್ಟಿಗೆಯೊಳಗೆ, ಕಾಂಕ್ರೀಟಿನ ಮೇಲೆ ನಿಂತಿತ್ತು. ಅಡಿಯನ್ನು ಮುಚ್ಚಿದ ಪ್ಲಾಸ್ಟಿಕ್ ಹಾಳೆಯ ಒಳಗೆ ಏನಿದೆಯೋ ಕಾಣುವುದಿಲ್ಲ, ನಾಲ್ಕು ಸ್ಕ್ರೂ ಬಿಚ್ಚಲೇ ಎಂದು ಕೇಳಿದರೆ ಆ ಯಜಮಾನರು ತಾವೇ ಡ್ರಿಲ್ ತಂದುಕೊಟ್ಟರು. ನೀರಿನ ಟ್ಯಾಂಕಿನ ಪಕ್ಕದಲ್ಲಿ ಟಾರ್ಚು ಬಿಟ್ಟು ನೋಡಿದ ಮಾವನವರು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಠಣ್ ಠಣ್ ಎನ್ನಿಸಿ, ಕೆಳಗಿನಿಂದಲೇ ತೀರ್ಪು ಕೊಟ್ಟರು: "ತಗೋಬಹುದು!"

ಮೇಲಿನಿಂದ, ಅಡುಗೆ ಕಪಾಟಿನ ಹತ್ತಿರದಿಂದ, ಅತ್ತೆಯವರ ತೀರ್ಪೂ ಬಂತು. "ಬೇಡ. ಒಲೆ ಮೇಲೆ ಐದು ಲೀಟರ್ ಕುಕ್ಕರ್ ಇಟ್ರೆ ಮೇಲಿನ ಬಾಗಿಲು ತೆಗೆಯಕ್ಕೇ ಆಗಲ್ಲ."

"ಮೂರು ಲೀಟರಿಂದು ಇಡು ಮಾರಾಯ್ತಿ."

"ಆರು ಜನಕ್ಕಾ?"

ಮಾರುವವರು ಬೆಲೆ ಇಳಿಸಬೇಕೇನೋ ಎಂದುಕೊಂಡು ತಾವಾಗಿಯೇ ಮುನ್ನೂರು ಡಾಲರ್ ಕಡಿಮೆ ಮಾಡಿದರು. ನಾನು ತಡೆಯಲಿಲ್ಲ.