ಡಿ ಡ್ರೈವ್ ಕಾಣೆಯಾದರೆ: ಶಂಕರಪುರಂ ಮನೆಗಳಿಗೊಂದು ಕೈಪಿಡಿ

ಹಳೆಯ ಕಂಪ್ಯೂಟರು, ಅದರೊಳಗೆ ಉಪನಯನದ ಫೋಟೊಗಳು, ಪಕ್ಕದಲ್ಲೊಬ್ಬ ಉತ್ಸಾಹಿ ಅಳಿಯ ಇರುವ ಎಲ್ಲ ಮನೆಗಳಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಮೂರರಲ್ಲಿ ಅಳಿಯನೇ ಅಪಾಯಕಾರಿ ಬಿಡಿಭಾಗ. ಮೊದಲು ಅವರನ್ನು ಕಳಚಿ. "ಅಳಿಯಂದ್ರೇ, ಕಾಫಿ ಆರೋಗತ್ತೆ, ಬನ್ನಿ" ಎಂದರೆ ಸಾಕು. ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ.

ಈಗ ಡಿಸ್ಕಿನ ವಿಷಯ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮೊದಲ ಸೆಕ್ಟರಿನ 512 ಬೈಟುಗಳ ಪೈಕಿ ಬರೀ 64ರಲ್ಲಿ ಪಾರ್ಟಿಷನ್ ಪಟ್ಟಿ ಇರುತ್ತದೆ, ತಲಾ 16 ಬೈಟಿನಂತೆ ನಾಲ್ಕು ಸಾಲು. ಡಿ ಡ್ರೈವಿನ ಪಾರ್ಟಿಷನ್ ಮೇಲೆ ಡಿಲೀಟ್ ಒತ್ತಿದಾಗ ಅಳಿಯುವುದು ಅಲ್ಲಿನ ಸಾಲು. ಖಾತೆ ಪುಸ್ತಕದಲ್ಲಿ ಹೆಸರು ಹೊಡೆದರೆ ಶಂಕರಮಠದ ರಸ್ತೆಯ ಮನೆ ಕುಸಿಯುತ್ತದೆಯೇ? ಫೋಟೊಗಳು ಇದ್ದಲ್ಲೇ ಇವೆ. ಹೊಸ ಜಿಪಿಟಿ ಡಿಸ್ಕಿನ ಕೊನೆಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ ಇರುತ್ತದೆ ನಿಜ, ಆದರೆ ಡಿಲೀಟ್ ಮಾಡುವಾಗ ವಿಂಡೋಸ್ ಅದನ್ನೂ ಶ್ರದ್ಧೆಯಿಂದ ತಿದ್ದಿರುತ್ತದೆ.

ಖಾಲಿ ಜಾಗ ಕಂಡಿತೆಂದು ಹೊಸ ವಾಲ್ಯೂಮ್ ಮಾಡಿ ಫಾರ್ಮ್ಯಾಟ್ ಒತ್ತಬಾರದು. ವಿಂಡೋಸ್ ಕೂಡ ಅದೇ ಡಿಸ್ಕಿನಲ್ಲಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಕಳಚಿ, ಬೇರೆ ಯಂತ್ರಕ್ಕೆ ಸಿಕ್ಕಿಸಿ. ಎಸ್‌ಎಸ್‌ಡಿ ಆಗಿದ್ದು ಆಗಲೇ ಫಾರ್ಮ್ಯಾಟೂ ಆಗಿದ್ದರೆ, ಖಾಲಿ ಜಾಗ ಒರೆಸಿಹಾಕುವ ಟ್ರಿಮ್ ಆಜ್ಞೆ ತನ್ನ ಕೆಲಸ ಮುಗಿಸಿರುವ ಸಂಭವವೇ ಹೆಚ್ಚು. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಈ ಕೈಪಿಡಿ ಮಡಚಿಟ್ಟು, ರಿಕವರಿ ಕೆಲಸ ಬಲ್ಲವರ ಬಳಿ ಒಯ್ಯಿರಿ.

ಎಸ್‌ಪಿ ರೋಡಿನಿಂದ ಇನ್ನೂ ದೊಡ್ಡ ಡಿಸ್ಕೊಂದನ್ನು ಚೌಕಾಸಿ ಮಾಡಿ ತನ್ನಿ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಹಳೆಯದರ ಪೂರ್ತಿ ನಕಲನ್ನು ಅದಕ್ಕಿಳಿಸಿ. ಸೆಕೆಂಡಿಗೆ 100 ಎಂಬಿಯಂತೆ ಓಡಿದರೂ 1 ಟಿಬಿಗೆ ಮೂರು ಗಂಟೆ ಹತ್ತಿರ ಹತ್ತಿರ. ಪರದೆ ನೋಡುತ್ತ ಕೂತರೆ ವೇಗ ಹೆಚ್ಚುವುದಿಲ್ಲ. ರಂಗರಾವ್ ರಸ್ತೆಯ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಿ ಇಡ್ಲಿ, ವಡೆ ತಿನ್ನಿ. ಸಾಂಬಾರ್ ಕೇಳಬೇಡಿ, ಅಲ್ಲಿ ಚಟ್ನಿ ಮಾತ್ರ. ಅಳಿಯನನ್ನೂ ಕರೆದೊಯ್ಯಿರಿ. ಮನೆಯಲ್ಲಿ ಬಿಟ್ಟುಹೋಗುವುದು ಜಾಣತನವಲ್ಲ.

ಬಂದಮೇಲೆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಈ ತಂತ್ರಾಂಶಕ್ಕೆ ದುಡ್ಡಿಲ್ಲ, ಅಂದವೂ ಇಲ್ಲ: ಕಪ್ಪು ಪರದೆ, ಬಿಳಿ ಅಕ್ಷರ. ಕಳೆದ ಪಾರ್ಟಿಷನ್ ಸಿಕ್ಕಿತೆಂದು ಅದು ಹೇಳಿದರೆ 'ಪಿ' ಒತ್ತಿ, ಫೈಲುಗಳ ಹೆಸರು ಕಣ್ಣಾರೆ ಕಾಣುವವರೆಗೂ 'ರೈಟ್' (Write) ಮುಟ್ಟಬೇಡಿ.

ಅದಕ್ಕೂ ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೊರೆಕ್ ಇದೆ. ಅದು ಪಟ್ಟಿಯ ಗೊಡವೆಗೆ ಹೋಗುವುದಿಲ್ಲ. ಪ್ರತಿ ಫೈಲಿನ ಆರಂಭದ ಗುರುತು ಹಿಡಿದು ಹೆಕ್ಕುತ್ತದೆ. ಆದರೆ ಹೆಸರು, ಫೋಲ್ಡರು ಎಲ್ಲ ಹೋಗಿ, ಎಫ್ ಅಕ್ಷರದ ಮುಂದೆ ಅಂಕಿಗಳ ಸಾಲು ಉಳಿಯುತ್ತದೆ. ಉಪನಯನದ ನಡುವೆ ಯಾವುದೋ ವೆಬ್‌ಸೈಟಿನ ಚಪ್ಪಲಿ ಜಾಹೀರಾತೂ ಇಣುಕುತ್ತದೆ. ತಾತನ ಲೇಖನ ತೆರೆದಾಗ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಫೈಲು ಕೆಟ್ಟಿತೆಂದು ಅಳಿಸಬೇಡಿ. ಅದು ಯುನಿಕೋಡಿಗೆ ಮುಂಚಿನ ನುಡಿ ಇಲ್ಲವೇ ಬರಹ ತಂತ್ರಾಂಶದಲ್ಲಿ ಬರೆದದ್ದು. ಆ ಫಾಂಟ್ ಹಾಕಿದರೆ ಕನ್ನಡವಾಗುತ್ತದೆ.

ಫೋಟೊಗಳಿಗೆ ಹೆಸರಿಡಲು ಮಾತ್ರ ಯಾವ ತಂತ್ರಾಂಶವೂ ಸಾಲದು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಇವ್ಳು ಸೀತಮ್ಮನ ಓರಗಿತ್ತಿ, ಅವತ್ತು ಛತ್ರದಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು" ಎಂದರೆ ಹಾಗೆಯೇ ಟೈಪ್ ಮಾಡಿ. ವಿಂಡೋಸ್ ಫೈಲಿನ ಹೆಸರಿಗೆ 255 ಅಕ್ಷರಗಳವರೆಗೆ ಅವಕಾಶವಿದೆ. ಅಜ್ಜಿ ಅಷ್ಟಕ್ಕೆ ನಿಲ್ಲಿಸುವವರಲ್ಲ, ಒಂದು ನೋಟ್‌ಬುಕ್ಕೂ ಇಟ್ಟುಕೊಳ್ಳಿ.