ಸೊರಗಿದ್ದಲ್ಲ, ಸೊರಗಿಸಿದ್ದು!

ಸ್ಕ್ರೋಲ್ ಬಾರ್ ಅವರು ಪರದೆಯ ಬಲ ಅಂಚಿನಲ್ಲೇ ವಾಸ ಎಂದು ಕೇಳಿ ಹೋದೆ. ಆಸಾಮಿ ಕಾಣಲಿಲ್ಲ. ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಆಡಿಸಿದ ಮೇಲೆ ಬೂದು ಬಣ್ಣದ ಎಳೆಯೊಂದು ಹೊರಗೆ ಬಂತು.

ಇದೇನು ಸಾರ್, ಇಷ್ಟು ಸೊರಗಿದ್ದೀರಿ?

ಸೊರಗಿದ್ದಲ್ಲ, ಸೊರಗಿಸಿದ್ದು. ವಿಂಡೋಸ್ 95ರ ಕಾಲದಲ್ಲಿ 16 ಪಿಕ್ಸೆಲ್ ಅಗಲ ಇದ್ದೆ. ಮೇಲೊಂದು ಕೆಳಗೊಂದು ಬಾಣದ ಗುಂಡಿ, ನಡುವೆ ಉಬ್ಬಿದ ಹಿಡಿ. ಈಗ ನನ್ನನ್ನು ಹಿಡಿಯಬೇಕಾದರೆ ಸೂಜಿಗೆ ದಾರ ಪೋಣಿಸುವವರ ಕಣ್ಣು ಬೇಕು.

ಬಚ್ಚಿಟ್ಟವರು ಯಾರು?

2011ರ ಮ್ಯಾಕ್ ಓಎಸ್, ಲಯನ್ ಅಂತ ಹೆಸರು. ಐಫೋನ್ ನೋಡಿ ಕಲಿತ ಚಾಳಿ. 'ಯಾವಾಗಲೂ ತೋರಿಸು' ಅಂತ ಸೆಟ್ಟಿಂಗ್ ಇದೆಯಂತೆ. ಅದನ್ನು ಹುಡುಕೋಕೂ ಸ್ಕ್ರೋಲ್ ಮಾಡಬೇಕು.

ಆದರೆ ಎಪ್ಪತ್ತರ ದಶಕದಲ್ಲಿ, ನಿಮ್ಮ ಹುಟ್ಟೂರು ಪಾಲೊ ಆಲ್ಟೊದ ಝೆರಾಕ್ಸ್ ಪ್ರಯೋಗಾಲಯದಲ್ಲೂ ಮೌಸ್ ವಿಂಡೋ ಒಳಗೆ ಬಂದಾಗಷ್ಟೇ ಮುಖ ತೋರಿಸುತ್ತಿದ್ದಿರಂತೆ?

(ಕೆಮ್ಮಿ) ಆಗ ಎಡಗಡೆ ಕೂರಿಸಿದ್ದರು. ಚಿಕ್ಕ ವಯಸ್ಸು, ನಾಚಿಕೆ ಸ್ವಭಾವ. ಅದನ್ನೆಲ್ಲ ಬರೀಬೇಡಿ.

ನಿಮ್ಮ ಕೆಲಸವಾದರೂ ಏನು?

ಇನ್ನೆಷ್ಟಿದೆ ಅಂತ ಹೇಳೋದು. ಹಿಡಿ ಉದ್ದ ಇದ್ದರೆ ಓದೋದು ಸ್ವಲ್ಪ, ಗಿಡ್ಡ ಇದ್ದರೆ ರಾಶಿ. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಆ ಭಾಗ್ಯವೂ ಇರಲಿಲ್ಲ. ಎರಡು ಪುಟಕ್ಕೂ ಇನ್ನೂರು ಪುಟಕ್ಕೂ ಒಂದೇ ಅಳತೆಯ ಚೌಕ, ಕೌಂಟರ್ ಹಿಂದಿನ ಗುಮಾಸ್ತರ ಮುಖದ ಹಾಗೆ. ಆದರೆ ನಿಜ ಹೇಳಿದರೂ ಬೈಗುಳ ತಪ್ಪಿದ್ದಲ್ಲ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳು. ಇಪ್ಪತ್ತು ಸಾಲು ಲೆಕ್ಕ ಬರೆದವರು ಕೈತಪ್ಪಿ ತೀರಾ ತಳದಲ್ಲೊಂದು ಸೊನ್ನೆ ಒತ್ತಿರುತ್ತಾರೆ. ನಾನು ಸಾಸಿವೆಕಾಳು! ಕೂದಲೆಳೆಯಷ್ಟು ಎಳೆದರೆ ಸಾವಿರಾರು ಸಾಲು ಹಾರಿ ಬಟ್ಟಬಯಲು. ಸೊನ್ನೆ ಒತ್ತಿದವರು ಟೀ ಕುಡಿಯೋಕೆ ಹೋಗಿರುತ್ತಾರೆ.

ಕೊನೆಯೇ ಇಲ್ಲದ ಪುಟಗಳ ಬಗ್ಗೆ?

2006ರಲ್ಲಿ ಏಜಾ ರಾಸ್ಕಿನ್ ಎಂಬಾತ ಹೊಸೆದದ್ದು. ಆಮೇಲೆ ಅವನೇ ಪಶ್ಚಾತ್ತಾಪಪಟ್ಟ. ತಳ ಮುಟ್ಟಿದೆ ಅನ್ನೋಷ್ಟರಲ್ಲಿ ಇನ್ನಷ್ಟು ಸುರಿದು ನನ್ನನ್ನು ಮೇಲಕ್ಕೆ ತಳ್ಳುತ್ತಾರೆ. ಆಳ ಅಳೆಯುವ ಕೋಲಿಗೆ ತಳವಿಲ್ಲದ ಬಾವಿ ಕೊಟ್ಟರೆ ಏನು ಮಾಡಬೇಕು, ಹೇಳಿ.

ನೀವು ಮೊದಲಿನ ಹಾಗೆ ಇದ್ದಿದ್ದರೆ ನಿನ್ನೆ ರಾತ್ರಿ ಒಂದೂವರೆಗೆ ಮುಂಚೆ ಫೋನ್ ಇಟ್ಟು ಮಲಗುತ್ತಿದ್ದೆ.

ಸುಳ್ಳು ಹೇಳಬೇಡಿ. ನಾನು ದಪ್ಪಗಿದ್ದಾಗಲೂ ನನ್ನ ಕುತ್ತಿಗೆ ಹಿಡಿದು ಸೀದಾ ಕೊನೆಗೆ ಎಳೆದು, ಕೊಲೆಗಾರ ಯಾರು ಅಂತ ನೋಡಿಕೊಂಡವರು ನೀವೇ.