ಬೇಸ್ ಪಂಡಿತರು

ಗಂಗಾವತಿಯ ಹೊಸ ಬಡಾವಣೆಗಳಲ್ಲಿ ಹುಡುಕಿದರೆ ಬೀದಿಗೊಬ್ಬರಾದರೂ ಬೇಸ್ ಪಂಡಿತರು ಸಿಗುತ್ತಾರೆ. ಹಗಲು ಅಕ್ಕಿ ವ್ಯಾಪಾರವೋ ಮಾಸ್ತರಿಕೆಯೋ. ರಾತ್ರಿಯೆಲ್ಲ 20ರಿಂದ 80 ಹರ್ಟ್ಸ್‌ನೊಳಗಿನ ಸಂಸಾರ. ಬಂದವರಿಗೆ ದೇವರ ಕೋಣೆಗಿಂತ ಮೊದಲು ತೋರಿಸುವುದು ಟೀವಿ ಪಕ್ಕದ ಸಬ್‌ವೂಫರ್ ಎಂಬ ಕರಿ ಪೆಟ್ಟಿಗೆ. ‘ಕೆಜಿಎಫ್ 2’ ಹಾಕಿದರೆ ಷೋಕೇಸಿನ ಕಿನ್ನಾಳ ಗೊಂಬೆ ನಡುಗುತ್ತ ನಡುಗುತ್ತ ಗೋಡೆಗೆ ಮುಖ ತಿರುಗಿಸುತ್ತದೆ.

ಆದರೂ ನೆಮ್ಮದಿಯಿಲ್ಲ. ಹಿಂಗೋಡೆಗೆ ಮಂಚ ಹಾಕಿಕೊಂಡ ಅಪ್ಪನಿಗೆ ಎದೆ ಗುದ್ದುವ ಬೇಸ್, ಸೋಫಾದಲ್ಲಿ ಕೂತ ತಮಗೆ ಮಾತ್ರ ಇಲ್ಲ!

ದೋಷ ಪಡಸಾಲೆಯದು. 16 ಅಡಿ ಉದ್ದವಿದ್ದರೆ ಸುಮಾರು 35 ಹರ್ಟ್ಸ್‌ನ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಗಳ ಬಳಿ ಅಬ್ಬರ, ನಟ್ಟನಡುವೆ ಸೊನ್ನೆ. ಸೋಫಾ ನಟ್ಟನಡುವೆಯೇ ಏಕೆ? ಫ್ಯಾನಿನ ಕೊಕ್ಕೆ ಇರುವುದು ಅಲ್ಲಿ.

ಅಳತೆಯ ಮೈಕ್ ಬರುತ್ತದೆ. ‘ರೂಮ್ ಇಕ್ಯು ವಿಝರ್ಡ್’ ಎಂಬ ಪುಕ್ಕಟೆ ತಂತ್ರಾಂಶ ಲ್ಯಾಪ್‌ಟಾಪಿಗೆ ಇಳಿಯುತ್ತದೆ. “ಫ್ಯಾನ್ ಆರಿಸ್ರಿ, ಕುಕ್ಕರ್ ಇಳಸ್ರಿ, ಯಾರೂ ಕೆಮ್ಮಬ್ಯಾಡ್ರಿ!” ಮನೆಮಂದಿಯೆಲ್ಲ ಬೆವರುತ್ತ ಕೂತಿರುವಾಗ ಪೆಟ್ಟಿಗೆ ‘ಊಂ’ ಎಂದು ಏರುತ್ತದೆ. ಪರದೆಯ ಗೆರೆ ಅಂಜನಾದ್ರಿ ಹತ್ತಿದಂತೆ ಹತ್ತಿ, ದಡಕ್ಕನೆ ತುಂಗಭದ್ರೆಗೆ ಬೀಳುತ್ತದೆ.

ಪಂಡಿತರು ಮೊದಲು ತಗ್ಗು ತುಂಬಲು ಹೋಗುತ್ತಾರೆ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್‌ಗೆ ಹತ್ತು ಪಟ್ಟು ಶಕ್ತಿ ಬೇಕು. ತಗ್ಗು ಇದ್ದಲ್ಲೇ ಇರುತ್ತದೆ, ಅಪ್ಪನ ಮಂಚ ಮಾತ್ರ ಅಲುಗುತ್ತದೆ. ಆಮೇಲೆ ದಿನ್ನೆಗಳನ್ನಷ್ಟೇ ಕಡಿದು, ಸೋಫಾವನ್ನು ಎರಡಡಿ ಹಿಂದಕ್ಕೆಳೆದಾಗ ಗೆರೆ ಸಮವಾಗುತ್ತದೆ. ಯಲಬುರ್ಗಾದ ಬೀಗರು ಕೇಳಿ, “ಯಾಕ್ರೀ, ಪೆಟಿಗಿ ಕೆಟ್ಟೈತೇನು? ಮೊದ್ಲ ಬೇಸಿತ್ತಲ್ರೀ” ಎನ್ನುತ್ತಾರೆ.

ಅಪ್ಪನಿಗೆ ಬೇಕಾದ್ದು ಗಂಗಾವತಿ ಪ್ರಾಣೇಶರ ಹಾಸ್ಯ. ಗಂಡಸಿನ ಮಾತು ಸಾಮಾನ್ಯವಾಗಿ 85 ಹರ್ಟ್ಸ್‌ನಿಂದ ಮೇಲೆಯೇ ಇರುವುದರಿಂದ, 80ಕ್ಕೆ ಕತ್ತರಿಸಿದ ಸಬ್‌ವೂಫರ್‌ಗೆ ಆ ಹೊತ್ತು ರಜೆ.

ಕುಷ್ಟಗಿಯ ಅತ್ತೆಮನೆಗೆ ಹೋದರೂ ಕೈ ಸುಮ್ಮನಿರದು. ಪೆಟ್ಟಿಗೆಯನ್ನು ಸೋಫಾದ ಮೇಲೆ ಕೂರಿಸಿ, ತಾವು ಗೋಡೆಗುಂಟ ಅಂಬೆಗಾಲಿಡುತ್ತಾರೆ. ಬೇಸ್ ಎಲ್ಲಿ ಸಮವಾಗಿ ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ತಜ್ಞರೂ ಹೇಳಿಕೊಡುವ ವಿಧಾನವೇ ಅದು, ಆದರೆ ಅತ್ತೆ ಮಗಳನ್ನು ಅಡುಗೆಮನೆಗೆ ಕರೆದು, “ಯಾವಾಗಿಂದವ್ವಾ ಹಿಂಗ?” ಎಂದು ಪಿಸುಗುಡುತ್ತಾರೆ.

ಈಗ ಹೊಸ ಯೋಜನೆ. ಹಿಂಗೋಡೆಗೂ ಒಂದು ಸಬ್‌ವೂಫರ್ ಇಟ್ಟರೆ ಎದುರುಬದುರಿನ ಒತ್ತಡದಲ್ಲಿ ಆ 35ರ ಅಲೆ ತಲೆ ಎತ್ತದು. ಸೋಫಾ ಮತ್ತೆ ಫ್ಯಾನಿನಡಿಗೆ ಬರಬಹುದು. ತೊಡಕೆಂದರೆ, ಆ ಜಾಗದಲ್ಲಿ ಅಪ್ಪನ ಮಂಚವಿದೆ. ಅಪ್ಪ ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಡುವ ದಿನವನ್ನೇ ಪಂಡಿತರು ಕಾಯುತ್ತಿದ್ದಾರೆ.